ಮೆಸೇಜ್ ಬಂತು, ರೊಕ್ಕ ಬಂದಿರಲಿಲ್ಲ

ಪ್ರಶ್ನೆ: ನಾನು ಮನೆಯಲ್ಲೇ ಖಣ, ಇಳಕಲ್ ಸೀರೆ ಮಾರುತ್ತೇನೆ. ವಾಟ್ಸಾಪ್‌ನಲ್ಲಿ ಫೋಟೊ ನೋಡಿ ಒಬ್ಬರು 1,200 ರೂಪಾಯಿಯ ಖಣ ಕೇಳಿದರು. ಸ್ವಲ್ಪ ಹೊತ್ತಿಗೆ 12,000 ಜಮಾ ಆಗಿದೆ ಎಂದು ಮೆಸೇಜ್ ಬಂತು. ಬೆನ್ನಿಗೇ ಫೋನ್: ‘ಅಕ್ಕಾರ, ಒಂದು ಸೊನ್ನಿ ಜಾಸ್ತಿ ಒತ್ತೀನ್ರಿ. ದವಾಖಾನ್ಯಾಗ ಅದೀನಿ, ಉಳಿದದ್ದು ಲಗೂನ ಹಾಕ್ರಿ.’ ಪಾಪ ಅನ್ನಿಸಿ 10,800 ಕಳಿಸಿದೆ. ಸಂಜೆ ನೋಡಿದರೆ ಖಾತೆಗೆ ಏನೂ ಬಂದೇ ಇಲ್ಲ. ಹಣ ಮರಳಿ ಸಿಗುತ್ತದೆಯೇ?
– ಓದುಗರು, ಗುಳೇದಗುಡ್ಡ

ಉತ್ತರ: ನಿಮ್ಮ ಪತ್ರ ಕೈಸೇರಿದ ದಿನವೇ ಫೋನಿನಲ್ಲಿ ಹೇಳಿದ್ದನ್ನು ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಉಳಿದದ್ದೆಲ್ಲ ಆಮೇಲೆ. ಅಲ್ಲಿ ದೂರು ದಾಖಲಾದರೆ ಹಣ ಹೋದ ಬ್ಯಾಂಕಿಗೆ ಸುದ್ದಿ ಮುಟ್ಟುತ್ತದೆ. ಆ ಖಾತೆಯಲ್ಲಿ ಇನ್ನೂ ಉಳಿದಿರುವಷ್ಟನ್ನು ತಡೆಹಿಡಿಯುತ್ತಾರೆ. ಮೋಸಗಾರರು ಹಣವನ್ನು ಒಂದೇ ಖಾತೆಯಲ್ಲಿ ಇಡುವುದಿಲ್ಲ, ಮುಂದೆ ಮುಂದೆ ಸಾಗಿಸುತ್ತಾರೆ. ಹಾಗಾಗಿ ‘ನಾಳೆ ಬ್ಯಾಂಕಿಗೆ ಹೋದರಾಯಿತು’ ಎಂದು ಮಲಗಬೇಡಿ. ಆ್ಯಪ್‌ನ ಹಿಸ್ಟರಿಯಲ್ಲಿ ಆ ವ್ಯವಹಾರ ತೆರೆದರೆ 12 ಅಂಕಿಯ ಯುಟಿಆರ್ ನಂಬರ್ (ಆ ವ್ಯವಹಾರದ ಗುರುತಿನ ಸಂಖ್ಯೆ) ಇರುತ್ತದೆ, ಅದನ್ನು ಬರೆದಿಟ್ಟುಕೊಂಡೇ ಕರೆ ಮಾಡಿ. ನಿಮ್ಮ ಬ್ಯಾಂಕಿಗೂ ತಿಳಿಸಿ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಬಾಗಲಕೋಟೆಯ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು.

ಪೂರ್ತಿ ಹಣ ಸಿಕ್ಕೇ ಸಿಗುತ್ತದೆ ಎಂದು ಸುಳ್ಳು ಭರವಸೆ ಕೊಡಲಾರೆ. ಪಿನ್ ಒತ್ತಿ ನೀವೇ ಕಳಿಸಿದ್ದೀರಿ ಎಂದು ಬ್ಯಾಂಕಿನವರು ಹೇಳಬಹುದು. ಆದರೂ ದೂರು ಬಿಡಬೇಡಿ.

ನೀವು ಕಳಿಸಿಕೊಟ್ಟ ಆ ಮೆಸೇಜ್ ನೋಡಿದೆ. ಬಂದದ್ದು ಹತ್ತು ಅಂಕಿಯ ಮೊಬೈಲ್ ನಂಬರಿನಿಂದ. ಬ್ಯಾಂಕಿನ ಜಮಾ ಮೆಸೇಜ್ ಹಾಗೆ ಬರುವುದಿಲ್ಲ, ಕಳಿಸಿದವರ ಜಾಗದಲ್ಲಿ ಬ್ಯಾಂಕನ್ನು ಸೂಚಿಸುವ ಅಕ್ಷರಗಳಿರುತ್ತವೆ. ‘ಜಮಾ’ ಎಂದು ಯಾರು ಬೇಕಾದರೂ ಟೈಪ್ ಮಾಡಿ ಕಳಿಸಬಹುದು. ಸ್ಕ್ರೀನ್‌ಶಾಟ್ ಕಥೆಯೂ ಅಷ್ಟೇ. ಸಂತೆಯಲ್ಲಿ ಗಿರಾಕಿ ಮೊಬೈಲ್ ತೋರಿಸಿದ ಕೂಡಲೇ ಸೀರೆ ಕಟ್ಟಿಕೊಡಬೇಡಿ, ನಿಮ್ಮ ಖಾತೆಯ ಬ್ಯಾಲೆನ್ಸ್ ನೋಡಿ.

ಇನ್ನೊಂದು ಮಾತು, ಇದನ್ನು ನಮ್ಮ ಕಡೆ ಎಷ್ಟು ಸಲ ಹೇಳಿದರೂ ಕಡಿಮೆಯೇ: ಹಣ ಪಡೆಯಲು ಪಿನ್ ಬೇಕಿಲ್ಲ. ‘ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ, ರೊಕ್ಕ ಬರ್ತದ’ ಎಂದವನು ನಿಮ್ಮ ಖಾತೆಯಿಂದ ತೆಗೆಯುತ್ತಿದ್ದಾನೆ.

ನಿಜವಾಗಿಯೂ ಯಾರದೋ ಹಣ ತಪ್ಪಿ ಬಂದಿದ್ದರೆ? ಆಗಲೂ ನೀವಾಗಿ ತಿರುಗಿ ಹಾಕಬೇಡಿ. ಅದು ಬೇರೆಯವರಿಂದ ಲಪಟಾಯಿಸಿದ ಹಣವಾಗಿದ್ದರೆ ನಿಮ್ಮ ಖಾತೆಗೇ ತಡೆ ಬೀಳಬಹುದು. ಫೋನ್ ಮಾಡಿದವರಿಗೆ ಇಷ್ಟು ಹೇಳಿ ಇಟ್ಟುಬಿಡಿ: ‘ನಿಮ್ಮ ಬ್ಯಾಂಕಿಗೆ ಹೇಳ್ರಿ, ಅವರು ಕೇಳಿದ್ರ ನಾ ಒಪ್ಪಿಗಿ ಕೊಡ್ತೀನ್ರಿ.’