ಸತ್ತ ಮೇಲೂ ಬದುಕಿದೆ ಅಂತ ನಂಬಿ ಬಾಳಬೇಕಾ?

ಪರಲೋಕದ ನಂಬಿಕೆ ನಮ್ಮ ದಿನನಿತ್ಯದ ಬದುಕನ್ನು ತಿದ್ದಬೇಕಾ ಎಂದು ಕೇಳಿದ್ದೀರಿ. ಸ್ವರ್ಗದ ಆಸೆ, ನರಕದ ಭಯ ಎರಡೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆದರೆ ಹೋದವರಿಗೆ ಮನೆಯಲ್ಲಿ ಸ್ವಲ್ಪ ಜಾಗ ಇರಲಿ.

ನಮ್ಮ ಕೊಡಗಿನಲ್ಲಿ ಕೊಡವರು ಮನೆತನದ ಹಿರಿಯರಿಗೆ ಎಡೆ ಇಡುತ್ತಾರೆ. ಅದಕ್ಕೆ ಕಾರಣಂಗ್ ಕೊಡ್ಪ ಅಂತ ಹೆಸರು. ಗೆಳೆಯನ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲಮನೆಯಲ್ಲಿ, ಒಮ್ಮೆ ನೋಡಿದ್ದೇನೆ. ಬಾಳೆಲೆ ಮೇಲೆ ಅನ್ನ, ಕೋಳಿ ಸಾರು, ಹಂದಿ ಕರಿ, ಪಕ್ಕದಲ್ಲಿ ಒಂದು ಲೋಟ ಬ್ರಾಂದಿ. "ಅಜ್ಜನಿಗೆ ಖಾರ ಜಾಸ್ತಿ ಇರಬೇಕು" ಎಂದು ಅವನ ಅತ್ತೆ ಇನ್ನೊಂದು ಸೌಟು ಸಾರು ಬಡಿಸಿದರು. ಅಜ್ಜ ಹೋಗಿ ಮೂವತ್ತು ವರ್ಷ! ಅಲ್ಲಿ ಯಾರೂ ನರಕದ ಮಾತೆತ್ತಲಿಲ್ಲ. ಆದರೆ ಹಿರಿಯರು ನೋಡುತ್ತಿದ್ದಾರೆ ಅನ್ನುವ ಅಳುಕು ಇತ್ತು. ಗದ್ದೆ ಮಾರುವ ಮುಂಚೆ, ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವ ಮುಂಚೆ ಅದು ಒಂದು ಕ್ಷಣ ತಡೆಯುತ್ತದೆ.

17ನೇ ಶತಮಾನದ ಫ್ರೆಂಚ್ ಗಣಿತಜ್ಞ ಪಾಸ್ಕಲ್ ಲೆಕ್ಕ ಬೇರೆ. ದೇವರಿದ್ದರೆ ಲಾಭಕ್ಕೆ ಕೊನೆಯಿಲ್ಲ, ಇಲ್ಲದಿದ್ದರೆ ನಷ್ಟ ಕಡಿಮೆ, ಹಾಗಾಗಿ ನಂಬುವುದೇ ಜಾಣತನ ಅಂತ. ನನಗಿದು ಸುಮ್ನೆ ವ್ಯಾಪಾರದ ಹಾಗೆ ಕಾಣುತ್ತದೆ. ಬಾಜಿ ಕಟ್ಟುವುದಾದರೂ ಯಾವ ಧರ್ಮದ ಪರಲೋಕದ ಮೇಲೆ, ಅಲ್ವಾ?

ಇನ್ನೊಂದು ತೊಂದರೆಯೂ ಇದೆ. ಕಾಫಿ ತೋಟದ ಕೂಲಿಕಾರರ ಲೈನ್‌ಮನೆಯಲ್ಲಿ ಕಷ್ಟಪಡುವವರಿಗೆ "ಹೋದ ಜನ್ಮದ ಕರ್ಮ" ಎಂದುಬಿಟ್ಟರೆ ಕೂಲಿಯ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಬದುಕಿದ್ದಾಗ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯದೆ, ಆಮೇಲೆ ಭಾಗಮಂಡಲದ ಸಂಗಮದಲ್ಲಿ ಮುತುವರ್ಜಿಯಿಂದ ಪಿಂಡ ಬಿಟ್ಟವರನ್ನೂ ನೋಡಿದ್ದೇನೆ.