ಕೆ1000 ಕ್ಯಾಮೆರಾಗೆ ಮೊದಲ ಲೆನ್ಸ್ ಆಗಿ ಒಂದು 50 ಎಂಎಂ ತಗೊಳ್ಳಿ

ಬೀದರ್‌ನಲ್ಲಿ ಪೆಂಟಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾದ ಬಾಡಿ ಮಾತ್ರ ಸಿಕ್ಕಿದೆ, ಲೆನ್ಸ್ ಇಲ್ಲ, ಕಡಿಮೆ ದುಡ್ಡಿಗೆ ಯಾವ ಹಳೇ ಲೆನ್ಸ್ ಅಂತ ಕೇಳಿದ್ದೀರಿ. ಪೆಂಟಾಕ್ಸ್-ಎಂ 50 ಎಂಎಂ ಎಫ್/2 ಹುಡುಕಿ. ಇನ್ನೂ ಹೆಚ್ಚು ಬೆಳಕು ಒಳಬಿಡುವ ಎಫ್/1.4ಕ್ಕೆ ಸುಮ್ನೆ ಜಾಸ್ತಿ ಕೊಡಬೇಡಿ, ನಮ್ಮ ಬಿಸಿಲಿಗೆ ಅದು ಬೇಕಿಲ್ಲ. ಹಳೇ ಸೋವಿಯತ್ ಲೆನ್ಸ್ ಹೀಲಿಯೋಸ್ 44-2 ಕೂಡ ಎಂ42 (ತಿರುಪಿನ ಮೌಂಟ್) ಅಡಾಪ್ಟರ್ ಹಾಕಿದರೆ ಕೂರುತ್ತದೆ, ದೂರದ ಫೋಕಸ್ ಕೆಡುವುದಿಲ್ಲ. ಆದರೆ ಬೆಳಕಿನ ಮೀಟರ್ ನೋಡುವಾಗ ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ) ನೀವೇ ಕಿರಿದು ಮಾಡಬೇಕು.

ಕೊಳ್ಳುವ ಮೊದಲು ಲೆನ್ಸ್ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂತೆ ಎಳೆ ಕಂಡರೆ ಅದು ಫಂಗಸ್, ಬಿಟ್ಟುಬಿಡಿ. ನಾನು ನೋಡದೆ ಕೊಂಡು ಒಂದು ರೋಲ್ ಪೂರ್ತಿ ಮಂಜಾಗಿ ಬಂತು, ಇವತ್ತಿಗೂ ಬೇಜಾರಿದೆ. ಅಪರ್ಚರ್ ಎಲೆಗಳಲ್ಲಿ ಎಣ್ಣೆ ಇರಬಾರದು. ಬೀದರ್‌ನ ಗವಾನ್ ಮದರಸಾದ ಮಿನಾರ್ ಹತ್ತಿರದಿಂದ 50ರಲ್ಲಿ ಪೂರ್ತಿ ಹಿಡಿಯುವುದಿಲ್ಲ ಅಲ್ವಾ, ಅದಕ್ಕೆ ಮುಂದೆ ಹೆಚ್ಚು ಅಗಲ ಹಿಡಿಯುವ 28 ಎಂಎಂ ನೋಡಿ.