ಚಿತ್ರರಂಗ ಮರೆತ ನಿರ್ದೇಶಕಿಯ ಕುರಿತ ಒಂದು ಸಾಕ್ಷ್ಯಚಿತ್ರ

ಚರಿತ್ರೆ ಕಡೆಗಣಿಸಿದ ನಿರ್ದೇಶಕರನ್ನು ಕುರಿತು ನೋಡಲೇಬೇಕಾದ ಸಾಕ್ಷ್ಯಚಿತ್ರ ಯಾವುದೆಂದು ಕೇಳಿದ್ದೀರಿ. ಪಮೇಲಾ ಬಿ. ಗ್ರೀನ್ ನಿರ್ದೇಶಿಸಿ, ನಟಿ ಜೋಡಿ ಫಾಸ್ಟರ್ ನಿರೂಪಿಸಿರುವ 2018ರ ‘ಬಿ ನ್ಯಾಚುರಲ್’ ಅನ್ನು ನೋಡಿ ಎನ್ನುತ್ತೇನೆ. ಅದು ಫ್ರಾನ್ಸಿನ ಆಲಿಸ್ ಗೀ-ಬ್ಲಾಶೆ ಅವರ ಕಥೆ.

1894ರಲ್ಲಿ ಕ್ಯಾಮೆರಾ ಉದ್ಯಮಿ ಲಿಯೋನ್ ಗೋಮೊಂ ಅವರಿಗೆ ಕಾರ್ಯದರ್ಶಿಯಾಗಿ ಸೇರಿದ ಈಕೆ, ಕಚೇರಿಯ ಕೆಲಸ ಕೆಡಬಾರದೆಂಬ ಷರತ್ತಿಗೆ ಒಪ್ಪಿ ಕ್ಯಾಮೆರಾ ಹಿಡಿದರು. 1906ರಲ್ಲಿ ಸುಮಾರು 300 ಸಹನಟರನ್ನು ಕಟ್ಟಿಕೊಂಡು ಕ್ರಿಸ್ತನ ಜೀವನವನ್ನು 25 ದೃಶ್ಯಗಳಲ್ಲಿ ಚಿತ್ರಿಸಿದರು. ಮುಂದೆ ಅಮೆರಿಕದಲ್ಲಿ ಸೋಲಾಕ್ಸ್ ಎಂಬ ಕಂಪನಿ ಕಟ್ಟಿ, ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿ ಸ್ವಂತ ಸ್ಟುಡಿಯೋ ಎಬ್ಬಿಸಿದರು. ನಟರ ಕಣ್ಣಿಗೆ ಬೀಳುವಂತೆ ಅಲ್ಲಿ ‘ಸಹಜವಾಗಿರಿ’ ಎಂಬ ಫಲಕ ಹಾಕಿಸಿದ್ದರು. ಸಾಕ್ಷ್ಯಚಿತ್ರದ ಹೆಸರು ಅದರಿಂದಲೇ ಬಂದದ್ದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸಾಧನೆಯ ಪಟ್ಟಿಯಲ್ಲ, ಮರೆವು ಹುಟ್ಟಿದ ಬಗೆ. ಆಕೆಯ ಕ್ರಿಸ್ತನ ಚಿತ್ರವನ್ನು ಚರಿತ್ರಕಾರ ಜಾರ್ಜ್ ಸಾದೂಲ್ ಅವರು ಆಕೆಯ ಸಹಾಯಕ ವಿಕ್ಟೊರಿನ್ ಜಾಸೆಯ ಹೆಸರಿಗೆ ಬರೆದುಬಿಟ್ಟಿದ್ದರು. 1922ರಲ್ಲಿ ಮಕ್ಕಳೊಡನೆ ಫ್ರಾನ್ಸಿಗೆ ಮರಳಿದ ಆಲಿಸ್ ಮತ್ತೊಂದು ಚಿತ್ರ ಮಾಡಲಿಲ್ಲ. ಹಳೆಯವು ತಮ್ಮವೆಂದು ತೋರಿಸಲು ಹೊರಟಾಗ ಪ್ರತಿಗಳೇ ಸಿಗಲಿಲ್ಲ. 1964ರ ಸಂದರ್ಶನವೊಂದರ ತುಣುಕುಗಳಲ್ಲಿ ತೊಂಬತ್ತು ದಾಟಿದ ಆ ಅಜ್ಜಿ ತಾವೇ ಮಾತನಾಡುವುದನ್ನು ಕೇಳುವಾಗ, ಉಳಿದವರ ಹೊಗಳಿಕೆಯೆಲ್ಲ ಸಪ್ಪೆಯೆನಿಸುತ್ತದೆ.

ನನ್ನ ಆಕ್ಷೇಪವೂ ಅಲ್ಲೇ ಇದೆ. ಹಾಲಿವುಡ್ಡಿನ ಪರಿಚಿತ ಮುಖಗಳು ಒಂದಾದ ಮೇಲೊಂದು ಬಂದು ‘ಈಕೆಯ ಹೆಸರೇ ಕೇಳಿರಲಿಲ್ಲ’ ಎಂದು ಅಚ್ಚರಿಪಡುವುದು ಬೇಗನೆ ಬೇಸರ ತರಿಸುತ್ತದೆ. ಪತ್ತೇದಾರಿ ಕಥೆಯಂತೆ ಓಡುವ ಸಂಕಲನ ಯಾವ ದೃಶ್ಯದ ಮೇಲೂ ಕಣ್ಣು ನಿಲ್ಲಲು ಬಿಡುವುದಿಲ್ಲ. ಎಲೆಕೋಸಿನೊಳಗಿಂದ ಶಿಶುಗಳನ್ನೆತ್ತುವ ಯಕ್ಷಿಣಿಯ ಚಿತ್ರವನ್ನು ಆಲಿಸ್ 1896ರಲ್ಲಿ ತೆಗೆದರೆಂಬುದು ರೂಢಿಯ ಮಾತಾದರೂ, ಉಳಿದಿರುವ ಪ್ರತಿ 1900ರದ್ದೆಂದು ಹಲವು ಸಂಶೋಧಕರು ಹೇಳುತ್ತಾರೆ. ಈ ತಕರಾರನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡುವುದು ಒಳ್ಳೆಯದು.

ಸಾಧ್ಯವಾದರೆ ಸಾಕ್ಷ್ಯಚಿತ್ರಕ್ಕೂ ಮೊದಲು, ಸ್ತ್ರೀವಾದದ ಪರಿಣಾಮಗಳನ್ನು ಕುರಿತ ಆಕೆಯ 1906ರ ಪುಟ್ಟ ಹಾಸ್ಯಚಿತ್ರವನ್ನು ನೋಡಿ. ಅದರಲ್ಲಿ ಗಂಡಸರು ಹೊಲಿಗೆ, ಇಸ್ತ್ರಿ, ಮಕ್ಕಳೆಂದು ಮನೆಯಲ್ಲಿ ತೊಳಲಾಡುತ್ತಿದ್ದರೆ, ಹೆಂಗಸರು ಹೋಟೆಲಿನಲ್ಲಿ ಕುಳಿತು ಕುಡಿಯುತ್ತಿರುತ್ತಾರೆ.